ಮುರಿದ ಗರಿಯ ಟೋಪಿ

ಅಕ್ಟೋಬರ್ 9, 1911, ಸೋಮವಾರ

ಇವತ್ತೂ ಟೋಸ್ಟ್ ಸೀದುಹೋಯಿತು. ಆಂಬ್ರೋಸ್ ಕರಿ ಭಾಗವನ್ನೇ ಕಡಿದು, "ಇದ್ದಲಲ್ಲಿ ಚಿತ್ರ ಬಿಡಿಸೋನು, ಇದ್ದಲು ತಿಂದ್ರೆ ತಪ್ಪೇನು?" ಎಂದ. ನಕ್ಕು ನಕ್ಕು ಟೀ ಚೆಲ್ಲಿದೆ. ಮದುವೆಯಾಗಿ ಹತ್ತೊಂಬತ್ತು ದಿನ. ಇಷ್ಟೊಂದು ಸುಖ ಒಬ್ಬಳಿಗೇ...

ಪಪ್ಪಾ ಪ್ರಕಟಿಸಿದ ಪುಸ್ತಕ ಬಂತು — ಪ್ರಾಣಿಗಳ ನೀತಿಕಥೆಗಳು, ಚಿತ್ರಗಳೆಲ್ಲ ನನ್ನ ಗಂಡನವು. ಭಾನುವಾರ ಪಪ್ಪಾನ ಮನೆಯಲ್ಲಿ ಪಾರ್ಟಿ. ನಾನು ಹಾಡಬೇಕಂತೆ. ಹಾಡಿದ್ದಕ್ಕೇ ತಾನೇ ಆಂಬ್ರೋಸ್ ಸೋತದ್ದು — ಏಪ್ರಿಲ್ 2, ಪಿಯಾನೋ ಪಕ್ಕ: "ಇಂಥ ಕಂಠ ಲಂಡನ್ನಿನಲ್ಲೇ ಇಲ್ಲ, ಮಿಸ್ ಹೆಟ್ಟಿ." ಮಾರನೆಯ ದಿನವೇ ಪಪ್ಪಾನಿಗೆ ಹೇಳಿ ಅವನಿಗೆ ಈ ಚಿತ್ರಗಳ ಕೆಲಸ ಕೊಡಿಸಿದೆ.

ಅಕ್ಟೋಬರ್ 10, ಬೆಳಿಗ್ಗೆ 11

ಪುಟಗಳ ಅಂಚು ಇನ್ನೂ ಮಡಿಕೆಯಲ್ಲೇ ಇದೆ, ಚಾಕುವಿನಿಂದ ಬಿಡಿಸಬೇಕು, ಎಲ್ಲ ಹೊಸ ಪುಸ್ತಕಗಳ ಹಾಗೆ. "ಭಾನುವಾರ ಒಟ್ಟಿಗೆ ಕತ್ತರಿಸೋಣ ಕಣೇ" ಎಂದು ಹೇಳಿ ಹೋಗಿದ್ದ. ತಾಳ್ಮೆ ಎಲ್ಲಿಂದ ತರಲಿ. ಬೆಣ್ಣೆ ಚಾಕುವಿನಲ್ಲೇ ಕತ್ತರಿಸಿದೆ. ಮೊಲದ ಮೇಲೆ ಬೆಣ್ಣೆಯ ಕಲೆ.

ಆಮೇಲೆ ಕಾಗೆ ಮತ್ತು ನರಿ.

ಕಾಗೆಯ ತಲೆಯ ಮೇಲೆ ನನ್ನ ಟೋಪಿ. ಎಡಗಡೆಯ ಗರಿ ಮುರಿದದ್ದು — ಮಾರ್ಚ್‌ನಲ್ಲಿ ಪಪ್ಪಾನ ಆಫೀಸಿನ ಬಾಗಿಲಿಗೆ ಸಿಕ್ಕಿ. ಆಗ ಬಾಗಿಲು ಹಿಡಿದವನು ಆಂಬ್ರೋಸ್. ನರಿಗೆ ಅವನದೇ ಚೌಕಳಿ ಕೋಟು.

ಮೊದಲು ನಗು ಬಂತು. ಆಮೇಲೆ ಮೂಲೆಯ ಸಹಿ. ಸಹಿಯ ಕೆಳಗೆ ತಾರೀಖು, ಅವನ ಅಭ್ಯಾಸ.

ಮಾರ್ಚ್ 27.

ನನ್ನ ಹಾಡು ಕೇಳುವುದಕ್ಕೆ ಆರು ದಿನ ಮುಂಚೆ, ಕೆಲಸ ಸಿಗುವುದಕ್ಕೆ ಏಳು ದಿನ ಮುಂಚೆ. ನರಿ ಹೊಗಳುತ್ತದೆ, ಕಾಗೆ ಬಾಯಿ ತೆರೆಯುತ್ತದೆ, ಚೀಸ್ ಕೆಳಗೆ ಬೀಳುತ್ತದೆ. ಆ ಚೀಸ್ ಈಗ ನನ್ನ ತೊಡೆಯ ಮೇಲಿದೆ, ಚಿನ್ನದ ಅಂಚಿನ ರಟ್ಟು ಹಾಕಿಕೊಂಡು.

ಸಂಜೆ

ಕೇಳಿದೆ. ಆಂಬ್ರೋಸ್ ಆ ಪುಟವನ್ನು ಮುಚ್ಚಿದ.

"ತಮಾಷೆಗೆ ಶುರುವಾಯ್ತು, ಹೆಟ್ಟಿ. ಆಮೇಲೆ ತಮಾಷೆಯಾಗಿ ಉಳೀಲಿಲ್ಲ."

"ಆಮೇಲೆ ಅಂದ್ರೆ ಯಾವತ್ತು? ಎಲ್ಲದಕ್ಕೂ ತಾರೀಖು ಹಾಕ್ತೀಯಲ್ಲ. ಇದಕ್ಕೂ ಹೇಳು."

ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಹೋದ.

ಅಕ್ಟೋಬರ್ 15, ಭಾನುವಾರ, 4 ಗಂಟೆ

ಪಪ್ಪಾನ ಮನೆ. ಮಹಡಿಯಲ್ಲಿ ನನ್ನ ಹಳೆಯ ಕೋಣೆ, ಚಿಲಕ ಹಾಕಿದೆ. ಕೆಳಗೆ ಪಪ್ಪಾ ಬೆಳ್ಳಿ ಚಾಕುವಿನಿಂದ ಒಂದೊಂದೇ ಪುಟ ಬಿಡಿಸಿ ಎಲ್ಲರಿಗೂ ತೋರಿಸುತ್ತಿದ್ದಾರೆ. ಕಾಗೆ ಇನ್ನೂ ಬಂದಿಲ್ಲ.

"ಹೆಟ್ಟಿ ಮಗೂ, ಪಿಯಾನೋ ತೆರೆದಾಯ್ತಮ್ಮ," ಎಂದು ಪಪ್ಪಾ ಕೆಳಗಿಂದ ಕೂಗಿದರು.

ಬಾಗಿಲಾಚೆ ಆಂಬ್ರೋಸ್. ಮೆಲ್ಲಗೆ, "ನೀನು ಕೇಳಿದ ತಾರೀಖು, ಮೇ ಆರು" ಎಂದ. "ನೀನು ಹಾಡದೇ ಇದ್ದ ದಿನ."

ಮತ್ತೊಂದು ಹೊಗಳಿಕೆಯೇ? ಇದೇ ಡೈರಿಯ ಹಿಂದಿನ ಪುಟ ತಿರುವಿದೆ. ಮೇ 6: *ಭಾರಿ ನೆಗಡಿ, ಮೂಗು ಕೆಂಪು. ದನಿ ಥೇಟ್ ಕಾಗೆ. ಆಂಬ್ರೋಸ್ ಬಂದು ಎರಡು ಗಂಟೆ ಕೂತಿದ್ದ. ಒಂದು ಗೆರೆಯನ್ನೂ ಎಳೆಯಲಿಲ್ಲ, ಪಾಪ.*

ಅವತ್ತು ಹೊಗಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಚಿಲಕ ತೆಗೆಯಬಹುದು. ಆದರೆ ಬಾಯಿ ತೆರೆದರೆ ಈ ಸಲ ಏನು ಬೀಳುತ್ತದೋ —