ಉರಿಯುವ ಮದ್ದು

ಫೆಬ್ರವರಿ 6, ಬೆಳಿಗ್ಗೆ

ಎಲ್ಲ ಇಲಿಗಳಿಗೂ ವೈರು ಜೋಡಿಸಿ ಆಯಿತು. ಆರನೆಯದು ಇವತ್ತೂ ನನ್ನ ಗ್ಲೌಸ್ ಕಚ್ಚಿತು. ಇಲಿಕೋಣೆ ನೋಡಿಕೊಳ್ಳುವ ಅಣ್ಣ ಹೇಳಿದ: "ನಿಮ್ಮ ಪರಿಚಯ ಚೆನ್ನಾಗಿದೆ ಅದಕ್ಕೆ. ನನ್ನನ್ನ ಕಚ್ಚಲ್ಲ ನೋಡಿ."

ಬಾಗಿಲು ಹಾಕಿ ಹೊರಗೆ ಕೂತೆವು. ಸದ್ದು ಆಗಬಾರದು. ಇವು ಹುಟ್ಟಿನಿಂದಲೇ ಮೂರ್ಛೆ ಇರುವ ತಳಿ. ಬೀಳುವ, ಒದ್ದಾಡುವ ಮೂರ್ಛೆಯಲ್ಲ. ಸುಮ್ಮನೆ ಕೂತ ಇಲಿ ಇನ್ನಷ್ಟು ಸುಮ್ಮನಾಗುತ್ತದೆ, ಮೀಸೆ ಅದುರುತ್ತದೆ, ಅಷ್ಟೆ. ಪರದೆಯ ಮೇಲೆ ಮಿದುಳಿನ ಅಲೆ ತೋರಿಸುವ ಗೆರೆ ಗರಗಸದ ಹಲ್ಲಿನಂತೆ ಏಳುತ್ತದೆ. ಕೆಲವು ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ಮೂತಿ ಒರೆಸಿಕೊಳ್ಳುತ್ತದೆ. ಗಾಬರಿಯಾದ ಇಲಿಗೆ ಮೂರ್ಛೆ ಬರುವುದೇ ಇಲ್ಲ.

ತಂಗಿಯ ಮಗಳಿಗೂ ಇದೇ. ಮನೆಯಲ್ಲಿ ಅವಳಿಗೆ ಪಿಳಿಪಿಳಿ ಎಂದು ಹೆಸರು — ಮಾತಿನ ನಡುವೆ ನಿಂತು ಕಣ್ಣು ಪಿಳಿಪಿಳಿ ಮಾಡುತ್ತಾಳೆಂದು. ಕಾಯಿಲೆ ಎಂದು ಗೊತ್ತಾಗುವ ಮೊದಲು ಇಟ್ಟದ್ದು. ಈಗ ಬದಲಿಸೋಣ ಎಂದರೆ ಅವಳೇ ಒಪ್ಪುವುದಿಲ್ಲ.

ಫೆಬ್ರವರಿ 13

ಬಂತು! ಮದ್ದು ಚುಚ್ಚಿದ ಇಲಿಗಳಲ್ಲಿ ಗರಗಸ ಮಾಯ. ಬರೀ ದ್ರಾವಣ ಚುಚ್ಚಿದವುಗಳಲ್ಲಿ ಎಂದಿನಂತೆ. ಇಷ್ಟು ಶುದ್ಧವಾದ ಫಲಿತಾಂಶ ನಾನು ಕಂಡಿಲ್ಲ. ಅದೂ ಹೊಸ ಮದ್ದಲ್ಲ, ಬೇರೊಂದು ಕಾಯಿಲೆಗೆ ಈಗಾಗಲೇ ಅಂಗಡಿಯಲ್ಲಿ ಮಾರುವ ಮಾತ್ರೆ. ಮುಂದಿನ ತಿಂಗಳ ಸಮ್ಮೇಳನದಲ್ಲಿ ನಮ್ಮ ಲ್ಯಾಬ್ ನಡೆಸುವ ಮೇಡಂ ಇದನ್ನೇ ಹೇಳಬಹುದು.

ಮೇಡಂ ಮಾತ್ರ ಕುಣಿಯಲಿಲ್ಲ. "ಇಷ್ಟು ಚೆನ್ನಾಗಿ ಬಂದ್ರೆ ನಂಗೆ ಭಯ ಆಗತ್ತೆ ಕಣ್ರೀ."

ಸಂಜೆ ತಂಗಿಗೆ ಫೋನಿನಲ್ಲಿ ಹೇಳಿಬಿಟ್ಟೆ. ಇಲಿಗೆ ಎಂದು ಎರಡು ಸಲ ಹೇಳಿದೆ. ಅವಳು ಹಿಡಿದುಕೊಂಡಿದ್ದು ಮಾತ್ರೆಯ ಹೆಸರನ್ನು. ಈಗಿನ ಔಷಧಿಗೆ ಮಗುವಿಗೆ ಹೊಟ್ಟೆ ತೊಳಸುತ್ತದೆ. ದಿನಾ ಬೆಳಗಿನ ತಿಂಡಿ ವಾಂತಿ.

ಫೆಬ್ರವರಿ 15

ಮೇಡಂ ನಿನ್ನೆಯಿಂದ ವಿಡಿಯೋ ನೋಡುತ್ತಿದ್ದಾರೆ. ಕಂಪ್ಯೂಟರ್ ಎಣಿಸಿ ಕೊಟ್ಟಿದೆ, ಗೆರೆ ಕಣ್ಣೆದುರಿಗಿದೆ, ಯಾರೂ ಇಲಿಯನ್ನು ನೋಡುವುದಿಲ್ಲ. ಇವರು ಗೆರೆ ಬರುವ ಅರ್ಧ ಪರದೆಗೆ ರಟ್ಟು ಅಂಟಿಸಿ, ಯಾವ ಇಲಿಗೆ ಏನು ಕೊಟ್ಟಿದ್ದೆಂದು ತಿಳಿಯದಂತೆ, ಇಲಿಯನ್ನಷ್ಟೇ ನೋಡುತ್ತಾರೆ. ಕೈ ಕಟ್ಟಿ, ಬೆನ್ನು ನೆಟ್ಟಗೆ. ಯಾರದೋ ಮನೆಗೆ ಹೆಣ್ಣು ನೋಡಲು ಹೋದವರ ಹಾಗೆ ಎಂದು ಅಣ್ಣ ನನ್ನ ಕಿವಿಯಲ್ಲಿ.

"ಕೇಳಿಸ್ತು ಕಣಯ್ಯಾ," ಅಂದರು, ತಿರುಗದೆ.

ಮಧ್ಯಾಹ್ನ ಕರೆದರು. "ಇದು ನೋಡಿ. ಏನ್ ಮಾಡ್ತಿದೆ?"

"ಹೊಟ್ಟೆ ನೆಕ್ತಿದೆ."

"ಇದು?"

ಅದೂ ನೆಕ್ಕುತ್ತಿತ್ತು. ಬಿಟ್ಟು, ಸುತ್ತು ಹಾಕಿ, ಮತ್ತೆ ಅಲ್ಲೇ. ಸೂಜಿ ಚುಚ್ಚಿದ ಜಾಗ. ರಟ್ಟು ತೆಗೆದು, ಯಾವುದಕ್ಕೆ ಏನು ಕೊಟ್ಟಿದ್ದೆಂಬ ಪಟ್ಟಿ ತೆರೆದರು. ನೆಕ್ಕಿದವೆಲ್ಲ ಮದ್ದಿನ ಇಲಿಗಳೇ.

ಫೆಬ್ರವರಿ 16

ಮದ್ದು ಕರಗಿಸಿದ ದ್ರಾವಣಕ್ಕೆ ಲಿಟ್ಮಸ್ ಅದ್ದಿದೆವು. ಕೆಂಪು. ಬರೀ ದ್ರಾವಣಕ್ಕೆ ಬಣ್ಣವೇ ಬದಲಾಗಲಿಲ್ಲ. ಪುಡಿ ಸ್ವತಃ ಆಮ್ಲ. ದ್ರಾವಣ ಒಂದೇ ಎಂದುಕೊಂಡು ಎರಡನ್ನೂ ಹೋಲಿಸಿದ್ದೆವು. ಒಂದು ಉರಿಯುತ್ತಿತ್ತು, ಇನ್ನೊಂದು ಇಲ್ಲ. ಉರಿಯ ಇಲಿ ಎಚ್ಚರ. ಎಚ್ಚರದ ಇಲಿಗೆ ಮೂರ್ಛೆ ಬರದು.

ಹಾಗಾದರೆ ಮದ್ದು ಏನು ಮಾಡಿತು? ಏನೂ ಗೊತ್ತಿಲ್ಲ.

ಅಣ್ಣ: "ಹೊಟ್ಟೆ ಉರೀತಿರೋವಾಗ ಯಾರಿಗೆ ಮೈಮರೆಯೋಕಾಗತ್ತೆ ಮೇಡಂ."

ಮೇಡಂ ನಕ್ಕರು. ಆಮೇಲೆ ನಮ್ಮೆದುರೇ ಸಮ್ಮೇಳನದವರಿಗೆ ಫೋನ್ ಮಾಡಿದರು. "ನನ್ನ ಭಾಷಣ ತೆಗೆದುಬಿಡಿ. ಇಲ್ಲ, ಹುಷಾರಾಗಿದ್ದೀನಿ. ತಪ್ಪು ಮಾಡಿದ್ದೀನಿ, ಅಷ್ಟೆ." ಕಾಫಿ ಬೇಡ ಅನ್ನುವ ದನಿಯಲ್ಲಿ. ನಾನಾಗಿದ್ದರೆ ಬಾಲ ಸುಟ್ಟ ಬೆಕ್ಕಿನಂತೆ ಮೂಲೆ ಸೇರುತ್ತಿದ್ದೆ.

ಹಳೆಯ ಮದ್ದು ಇಲಿಗಳ ಮೈಯಿಂದ ಪೂರ್ತಿ ಹೋಗಬೇಕು. ಆಮೇಲೆ ಕ್ಷಾರ ಬೆರೆಸಿ ಮದ್ದಿನ ಉರಿ ಕಳೆದು ಮತ್ತೆ ಮೊದಲಿನಿಂದ.

ತಂಗಿಗೆ ಹೇಳಬೇಕು. ಪೂರ್ತಿ ಗೊತ್ತಾದ ಮೇಲೆ...

ಫೆಬ್ರವರಿ 26

ಅವಳೇ ಫೋನ್ ಮಾಡಿದಳು. ಡಾಕ್ಟರನ್ನು ಕೇಳಿದಳಂತೆ, ಬೇಡ ಅಂದರಂತೆ. ಆದರೂ ಗುರುತಿನ ಮೆಡಿಕಲ್ ಶಾಪಿನಿಂದ ತಂದಿಟ್ಟಿದ್ದಾಳೆ. ಸೋಮವಾರದಿಂದ ಶುರು.

"ಕೊಡಬೇಡ."

"ಯಾಕಕ್ಕಾ?"

"ನಮ್ಮ ಪರೀಕ್ಷೇಲಿ ತಪ್ಪಾಗಿದೆ. ಕೆಲಸ ಮಾಡತ್ತೋ ಇಲ್ವೋ ಗೊತ್ತಿಲ್ಲ."

"ನೀನೇ ಹೇಳಿದೆ, ಈಗ ನೀನೇ ಗೊತ್ತಿಲ್ಲ ಅಂತೀಯ. ನಿನ್ನ ಇಲಿ ಒಂದು ದಿನ ಊಟ ಬಿಟ್ರೆ ಬರೆದಿಟ್ಕೋತೀಯ. ಇವಳು ದಿನಾ ಬಿಡ್ತಾಳೆ."

ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. "ಕೊಡಬೇಡ" ಎಂದಷ್ಟೇ ಮೆಸೇಜ್ ಹಾಕಿದೆ. ಅರ್ಧ ಓದಿಟ್ಟಿದ್ದ ಕಾದಂಬರಿ ತೆರೆದೆ. ಒಂದೇ ಪ್ಯಾರಾ ಮೂರು ಸಲ.

ಫೆಬ್ರವರಿ 27

ಮೇಡಂಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಕೇಳಿದರು, ಅಷ್ಟೆ. "ಸೋಮವಾರ ಅಂದ್ರಾ? ಹಾಗಾದ್ರೆ ಭಾನುವಾರ ಮಾಡೋಣ. ಮೈಯಿಂದ ಮದ್ದು ಹೋಗಿಯಾಗಿದೆ, ಇನ್ನೂ ಯಾಕೆ ಕಾಯೋದು."

ಮಾರ್ಚ್ 1, ಭಾನುವಾರ, ಮಧ್ಯಾಹ್ನ

ಮೇಡಂ ಬಂದಿದ್ದರು, ಅಣ್ಣನೂ. ಸಿರಿಂಜುಗಳಿಗೆ ಅಣ್ಣ ಬಣ್ಣದ ಟೇಪು ಸುತ್ತಿದ. ಯಾವ ಬಣ್ಣದಲ್ಲಿ ಏನಿದೆ ಎಂದು ಅವನೊಬ್ಬನಿಗೇ ಗೊತ್ತು. ಚುಚ್ಚಿದೆ. ಒಂದೂ ನೆಕ್ಕಲಿಲ್ಲ. ಒಂದೊಂದಾಗಿ ಮೂಲೆಗೆ ಹೋಗಿ ಕೂತವು.

ಗೆರೆ ಎದ್ದಿತು. ಇಳಿಯಿತು. ಎದ್ದಿತು. ಹಸಿರು ಟೇಪಿನವುಗಳಲ್ಲಿ ಗರಗಸದ ಮೇಲೆ ಗರಗಸ. ಎಂದಿಗಿಂತ ಹೆಚ್ಚು, ಎಂದಿಗಿಂತ ಉದ್ದ.

"ಹಸಿರು ಯಾವುದು?" ಮೇಡಂ ಕೇಳಿದರು.

ಅಣ್ಣ ತಮಾಷೆ ಮಾಡಲಿಲ್ಲ. "ಮದ್ದು."

ಕಡಿಮೆ ಮಾಡುವುದಿಲ್ಲ ಎಂದಷ್ಟೇ ಅಲ್ಲ. ಹೆಚ್ಚು ಮಾಡುತ್ತದೆ. ಬೇರೆ ಮೂರ್ಛೆಗಳನ್ನು ತಡೆಯುವ ಕೆಲವು ಔಷಧಿಗಳೂ ಈ ಮೂರ್ಛೆಗೆ ಹೀಗೇ ಮಾಡುತ್ತವೆ, ಗೊತ್ತಿರುವುದೇ. ಆದರೆ ಇದನ್ನು ಯಾರೂ ನೋಡಿರಲಿಲ್ಲ. ಇಲಿ ಹೊಟ್ಟೆ ನೆಕ್ಕಿದ್ದನ್ನು ಒಬ್ಬರು ಕೂತು ನೋಡದಿದ್ದರೆ ನಾವೂ ನೋಡುತ್ತಿರಲಿಲ್ಲ.

ಲೆಕ್ಕಕ್ಕೆ ಕೂರಲು ಹೋದೆ. ಮೇಡಂ ಕುರ್ಚಿ ಎಳೆದುಕೊಂಡರು. "ಇದು ಎಲ್ಲಿಗೂ ಓಡಿಹೋಗಲ್ಲ. ನೀವು ಮೊದಲು ತಂಗಿ ಮನೆಗೆ ಫೋನ್ ಮಾಡಿ. ಎತ್ತದಿದ್ರೆ ಹೊರಟುಬಿಡಿ."

ಅದೇ ದಿನ, ಸಂಜೆ

ಎತ್ತಿದಳು. ಹೇಳಿದೆ.

"ನಾಳೆ ತನಕ ಕಾಯೋದೇಕೆ ಅಂತ ಬೆಳಿಗ್ಗೆನೇ ಮಾತ್ರೆ ತೆಗೆದು ಕೈಲಿ ಇಟ್ಕೊಂಡಿದ್ದೆ," ಅಂದಳು. "ನಿನ್ನ ಮೇಲೆ ಸಿಟ್ಟಿತ್ತು. ಆದ್ರೆ ನೀನು ಬೇಡ ಅಂದ್ಮೇಲೆ ಕೊಡೋಕೆ ಕೈ ಬರಲಿಲ್ಲ." ಆಮೇಲೆ: "ಹಾಗಾದ್ರೆ ಏನೂ ಇಲ್ವಾ ಅಕ್ಕಾ?"

"ಇದಲ್ಲ. ಡಾಕ್ಟರಿಗೆ ವಾಂತಿ ವಿಷಯ ಹೇಳು, ಹೀಗೇ ಸುಮ್ಮನಿರಬೇಡ. ನಾನೂ ಬರ್ತೀನಿ."

ಪಿಳಿಪಿಳಿ ಫೋನ್ ಕಿತ್ತುಕೊಂಡಳು. "ದೊಡ್ಡಮ್ಮಾ, ಇಲಿಗೂ ನನ್ನ ಥರಾನೇ ಅಂತಲ್ಲ? ಅದಕ್ಕೆ ಆಮೇಲೆ —"

ಮಾತು ನಿಂತಿತು. ಅವಳ ಹಿಂದೆ ನಲ್ಲಿ ಸುರಿಯುತ್ತಿತ್ತು. ತಂಗಿ ಯಾವುದೋ ಪಾತ್ರೆ ಕೆಳಗಿಟ್ಟಳು. ಪರದೆಯಲ್ಲಿ ಸಾವಿರ ಸಲ ನೋಡಿದ್ದೇನೆ. ಹೀಗೆ ಕಿವಿಯಲ್ಲಿ ಕೇಳಿದ್ದಿಲ್ಲ. ಹೆಸರು ಹಿಡಿದು ಕೂಗಲಿಲ್ಲ. ಕಾದೆ.

"— ಏನ್ ಹೇಳ್ತಿದ್ದೆ ನಾನು?"

"ಇಲಿ ವಿಷಯ."

"ಹೂಂ. ಅದಕ್ಕೆ ಹೀಗಾದಾಗ ಯಾರಿಗೆ ಗೊತ್ತಾಗತ್ತೆ? ನಂಗಾದ್ರೆ ಅಮ್ಮ ಇದ್ದಾಳೆ."

"ನಮ್ಮಲ್ಲಿ ಒಬ್ರು ಮೇಡಂ ಇದ್ದಾರೆ. ಇಡೀ ದಿನ ಕೂತು ನೋಡ್ತಾರೆ."

"ಬೇಜಾರಾಗಲ್ವಾ?"

"ಇಲ್ವಂತೆ."

"ಹಾಗಾದ್ರೆ ಅವರಿಗೆ ಹೇಳಿ ದೊಡ್ಡಮ್ಮಾ, ನಾನು —"

ಮತ್ತೆ ನಲ್ಲಿಯ ಸದ್ದಷ್ಟೇ; ಫೋನ್ ಕಿವಿಗೊತ್ತಿ ಕಾದೆ.