ಕೆರೆಯೂ ಬೇಡ, ಹೊಳೆಯೂ ಬೇಡ

ಮೇ ೧೧, ಭಾನುವಾರ

ನನ್ನ ಗುಬ್ಬಿಗೆ,

ಅಪ್ಪನ ತುಂಬು ಆಶೀರ್ವಾದ. ಅಳಿಯಂದಿರಿಗೂ ನನ್ನಿಬ್ಬರು ಪುಟಾಣಿ ರಾಕ್ಷಸರಿಗೂ ಅವರವರ ಪಾಲು ಹಂಚಿಬಿಡು. ಉತ್ತರ ತಡವಾಯಿತು, ಕ್ಷಮಿಸು. ರಾಜ ರಂಗಕ್ಕೆ ಬರುವುದು ತಡವಾದರೆ ಜನ ಶಿಳ್ಳೆ ಹೊಡೆಯುತ್ತಾರೆ. ನೀನು ಹೊಡೆಯಲಿಲ್ಲ, ದೊಡ್ಡ ಮನಸ್ಸು. ಮನೆಗೆ ಬಣ್ಣ ಹೊಡೆಸಿದ್ದು, ಅಟ್ಟವನ್ನೆಲ್ಲ ಖಾಲಿ ಮಾಡಿಸಿ ಮಕ್ಕಳಿಗೆ ಓದುವ ಜಾಗ ಮಾಡಿಸಿದ್ದು ಎಲ್ಲ ಓದಿದೆ.

‘ರಜೆಯಲ್ಲಿ ಒಂದು ದಿನ ಎಲ್ಲರೂ ನೀರಿನ ದಡಕ್ಕೆ ಹೋಗೋಣ ಅಪ್ಪಾ, ಕೆರೆಯೋ ಹೊಳೆಯೋ, ನೀವೇ ನೋಡಿ ಆರಿಸಿ’ ಎಂದು ಅಪ್ಪಣೆ ಕೊಡಿಸಿದ್ದೆ. ಆಯಿತು! ಜೀವಮಾನವೆಲ್ಲ ಮಹಾರಾಜನಾಗಿ ಗುಡುಗಿದವನಿಗೆ ಈಗ ದಡ ಹುಡುಕುವ ದೂತನ ಪಾತ್ರ. ನಮ್ಮ ನಾಟಕ ಕಂಪನಿಯ ಹಳೇ ಹಾಸ್ಯಗಾರನ ಸ್ಕೂಟರಿನ ಹಿಂದೆ ಕೂತು, ಛತ್ರಿಯನ್ನು ಕತ್ತಿಯಂತೆ ಹಿಡಿದು ಹೊರಟೆ.

ಮೊದಲನೆಯ ಅಂಕ, ಕೆರೆ. ಅಯ್ಯೋ ಮಗಳೇ! ಅದು ನೀರಲ್ಲ, ಹಸಿರು ಗಂಜಿ. ಅದರ ನಡುವೆ ಯಾವುದೋ ಮಗುವಿನ ಡೈಪರ್ ಒಂದು ಹಡಗಿನ ಗಾಂಭೀರ್ಯದಿಂದ ತೇಲುತ್ತಿತ್ತು. ದಡದುದ್ದಕ್ಕೂ ಸತ್ತ ಮೀನುಗಳು ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಅವುಗಳಿಗೆ ಒತ್ತಿಕೊಂಡೇ ಒಂದು ಸಂಸಾರ ಚಾಪೆ ಹಾಸಿ ಊಟಕ್ಕೆ ಕೂತಿತ್ತು. ಯಜಮಾನ ನಾಯಿಯನ್ನು ತೊಳೆದ ಜಾಗದಲ್ಲೇ ತಟ್ಟೆ ತೊಳೆದುಕೊಂಡು ಬಂದ.

“ವಾಸನೆ ಬರ್ತಿಲ್ವಾ ಸ್ವಾಮಿ?” ಎಂದೆ.

“ಮೊದ್ಲು ಸ್ವಲ್ಪ ಹೊತ್ತು ಬರುತ್ತೆ ಯಜಮಾನ್ರೇ, ಆಮೇಲೆ ಮೂಗೇ ಸುಮ್ನಾಗುತ್ತೆ. ಬನ್ನಿ, ಕೂತ್ಕೊಳ್ಳಿ.”

ಹಾಸ್ಯಗಾರ ನನ್ನ ಕಿವಿಯಲ್ಲಿ, “ಲೇ ರಾಜ, ನೀನು ವಿಷ ಕುಡಿದು ಸಾಯೋ ಸೀನಲ್ಲಿ ಇದನ್ನೇ ಒಂದು ಲೋಟ ಕೊಟ್ಟಿದ್ರೆ ಅಭಿನಯವೇ ಬೇಕಾಗ್ತಿರ್ಲಿಲ್ಲ ಕಣೋ” ಎಂದ.

ಎರಡನೆಯ ಅಂಕ, ಹೊಳೆ. ನಿಮ್ಮೂರಿಗೆ ಹೋಗುವ ದಾರಿಯಲ್ಲೇ ಇದೆ. ದೂರದಿಂದ ಮರಳು, ಮರ, ಮಿಂಚುವ ನೀರು. ಹತ್ತಿರ ಹೋದರೆ ಮರಳಿನಲ್ಲಿ ಒಡೆದ ಬಾಟಲಿ, ಮರದ ಬುಡದಲ್ಲಿ ಹೇಳಬಾರದ್ದು. ಮಿಂಚುತ್ತಿದ್ದದ್ದು ಮೋರಿಯ ನೊರೆ. ನಡುನೀರಿನಲ್ಲಿ ಕಾರು ನಿಲ್ಲಿಸಿ ಒಬ್ಬ ಸೋಪು ತಿಕ್ಕುತ್ತಿದ್ದ. ಕೆಳಗಡೆ ಮಕ್ಕಳು ಅದೇ ನೀರನ್ನು ಬಾಯಲ್ಲಿ ತುಂಬಿಕೊಂಡು ಒಬ್ಬರ ಮೇಲೊಬ್ಬರು ಉಗುಳುತ್ತಿದ್ದವು. ಛೀ! ಬರೆಯುವಾಗಲೂ ಪೆನ್ನು ತೊಳೆಯಬೇಕು ಅನ್ನಿಸುತ್ತಿದೆ.

ಇಷ್ಟೇಕೆ ಅಸಹ್ಯಪಡುತ್ತೇನೆ ಗೊತ್ತೇ? ಹೊಳೆ ಎಂದರೆ ಹೇಗಿರಬೇಕೆಂದು ನನಗೆ ಕಲಿಸಿದ್ದು ನಿನ್ನಮ್ಮ. ಕಂಪನಿಯ ಪರದೆಗಳನ್ನೆಲ್ಲ ಬರೆದವಳು ಅವಳೇ, ಆದರೆ ಆ ನದಿಯ ಪರದೆಯಂಥದ್ದು ಇನ್ನೊಂದಿರಲಿಲ್ಲ. ಅದು ಮೇಲಿನಿಂದ ಬಿಚ್ಚಿಕೊಂಡರೆ ಸೆಕೆಯಲ್ಲಿ ಕೂತ ಜನ ‘ಹಾ’ ಎಂದು ತಂಪಾಗುತ್ತಿದ್ದರು. ಒಂದೇ ಒಂದು ಎಡವಟ್ಟು: ನೀರಿನಲ್ಲಿ ಕಾಣುವ ಹಂಸದ ನೆರಳನ್ನು ತಲೆಕೆಳಗಾಗಿ ಬರೆಯಬೇಕಾದವಳು ನೆಟ್ಟಗೇ ಬರೆದುಬಿಟ್ಟಳು. ಕೊನೆಯ ಪ್ರಯೋಗದವರೆಗೂ ನಾನು ಆ ಹಂಸಕ್ಕೆ ಅಡ್ಡ ನಿಂತೇ ಮಾತು ಹೇಳಿದೆ. ಬೆಳಕು ನನ್ನ ಮೇಲೆ ಬೀಳದಿದ್ದರೂ ಸರಿ, ಅವಳ ತಪ್ಪು ಯಾರ ಕಣ್ಣಿಗೂ ಬೀಳಬಾರದು. ಕಂಪನಿ ಮುಚ್ಚಿದ ದಿನ, ‘ಅಮ್ಮನ ಹೊಳೆ ನನ್ನ ಮನೇಲಿರ್ಲಿ ಅಪ್ಪಾ’ ಎಂದು ಅತ್ತು ಆ ಪರದೆಯನ್ನು ಹೊತ್ತೊಯ್ದವಳು ನೀನು.

ಆದ್ದರಿಂದ ನನ್ನ ತೀರ್ಪು: ಕೆರೆ ಖಂಡಿತ ಬೇಡ. ಹೊಳೆಯ ನೀರೂ ಬೇಡ. ಆದರೂ ಹೊಳೆಯ ಮೇಲುಗಡೆ, ಜನ ಇನ್ನೂ ಕಂಡುಹಿಡಿಯದ ಒಂದು ಮರದ ನೆರಳಿದೆ. ಅಲ್ಲಿ ಕೂರೋಣ. ಕುಡಿಯಲು ನೀರು ಮನೆಯಿಂದಲೇ ತಾ. ಮಕ್ಕಳ ಕೆನ್ನೆಗೆ ನನ್ನ ಮೀಸೆ ಚುಚ್ಚಿದೆ ಎಂದು ಹೇಳು. ಸುಖವಾಗಿರು, ನೂರು ಕಾಲ ನಗುತ್ತಿರು.

ನಿನ್ನ ಅಪ್ಪ

ಹೇಳದೆ ಉಳಿದದ್ದು: ಹೊಳೆಯ ದಡದಲ್ಲಿ ಬಟ್ಟೆ ಬದಲಿಸುವ ಕೋಣೆಯೊಂದಿದೆ. ಬಾಗಿಲಲ್ಲಿ ಕೂತ ಹೆಂಗಸು, “ಅಜ್ಜಾ, ಹಾಗೇ ನುಗ್ಬೇಡಿ, ಕಾಲು ಒರೆಸ್ಕೊಂಡು ಬನ್ನಿ” ಎಂದಳು. ಬಾಗಿಲಿಗೆ ಹಾಸಿದ್ದ ಬಟ್ಟೆಯ ಮೇಲೆ ಒರೆಸಿಕೊಂಡೆ. ಕೆಸರು ಸರಿದಲ್ಲಿ ಒಂದು ಬಿಳಿ ಕತ್ತು ಕಂಡಿತು. ಅದರ ಕೆಳಗೆ ಇನ್ನೊಂದು, ನೆಟ್ಟಗೆ.

“ಎಲ್ಲಿಂದ ಬಂತಮ್ಮಾ ಇದು?”

“ಹಳೇ ಸಾಮಾನಿನವ್ನು ಕೊಟ್ಟ. ಯಾರೋ ಅಟ್ಟ ಖಾಲಿ ಮಾಡಿಸಿದ್ರಂತೆ. ದೊಡ್ಡ ತುಂಡು ಲಾರಿಗೆ ಹೊದಿಸೋಕೆ ಹೋಯ್ತು, ಇದಿಷ್ಟು ಉಳೀತು. ಗಟ್ಟಿ ಬಟ್ಟೆ ಅಜ್ಜಾ, ಎಷ್ಟು ತುಳಿದ್ರೂ ಹರಿಯಲ್ಲ.”

ನನ್ನ ಛತ್ರಿಯನ್ನು ಅವಳಿಗೆ ಕೊಟ್ಟು ಆ ತುಂಡನ್ನು ಬಿಡಿಸಿಕೊಂಡೆ. “ಈ ಕೊಳಕಿಗೆ ಛತ್ರೀನಾ! ಬಿಸಿಲು ತಲೆಗೇರಿದೆ ನಿಮಗೆ” ಎಂದು ಅವಳು ನಕ್ಕಳು. ಹಾಸ್ಯಗಾರ ನಗಲಿಲ್ಲ, ಬಗ್ಗಿ ಇನ್ನೊಂದು ತುದಿ ಹಿಡಿದು ಸುತ್ತಿದ.

ಮನೆಗೆ ತಂದು ಒಗೆದೆ. ಕೆಸರಿನ ಜೊತೆ ಬಣ್ಣವೂ ಬಿಡತೊಡಗಿತು, ನಿಲ್ಲಿಸಿದೆ. ಇದಕ್ಕೆ ಉತ್ತರ ಬರೆಯಬೇಡ. ಆ ದಿನ ಮರದಡಿ ಹಾಸಲು ಚಾಪೆ ತರಬೇಡ, ಹಾಸುವುದು ನನ್ನ ಹತ್ತಿರವಿದೆ. ಅದು ಎಲ್ಲಿ ಸಿಕ್ಕಿತೆಂದು ಅಳಿಯಂದಿರ ಮುಂದೆ, ಮಕ್ಕಳ ಮುಂದೆ ನಾನು ಹೇಳುವುದಿಲ್ಲ. ಕಾಲಿನ ಕಲೆ ಹೋಗದ ಕಡೆ ನಾನೇ ಕೂರುತ್ತೇನೆ. ಅಡ್ಡ ನಿಲ್ಲುವುದು ನನಗೆ ಅಭ್ಯಾಸವಿದೆ. ನೀನು ಮಾತ್ರ ಚಪ್ಪಲಿ ಬಿಟ್ಟು ಬಾ.