ಪರದೆಯ ಬಣ್ಣ

ಗುಂಡೂ,

ಇವತ್ತು ನಿನ್ನ ಮಗಳು ಹೆತ್ತಳು ಕಣೇ. ಹೆಣ್ಣುಮಗು, ನಿನ್ನದೇ ಮೊಂಡು ಮೂಗು. ನಿನ್ನನ್ನು ಕೊಂಡೊಯ್ದ ಆ ಕಾಮಾಲೆಯ ವೈರಸ್, ಎಚ್‌ಐವಿ ಜೊತೆಗೆ, ನಿನ್ನ ಮಗಳ ಮೈಯಲ್ಲೂ ಇದೆ.

"ಎರಡಕ್ಕೂ ಮಾತ್ರೆ ತಗೊಳ್ತಿದಾಳೆ, ಮಗುಗೂ ಹುಟ್ಟಿದ ಕೂಡ್ಲೇ ಸೂಜಿ ಹಾಕಿದೀವಿ. ಸುಮ್ನೆ ಅಳಬೇಡಿ ಅಜ್ಜೀ" ಎಂದು ನರ್ಸ್ ಗದರಿದಳು.

ಸಂಜೆ ಕಿಟಕಿ ಪಕ್ಕ ಮಲಗಿದ್ದ ನಿನ್ನ ಮಗಳ ಕಣ್ಣು ಹಳದಿಯಾಗಿ ಕಂಡು, "ಕಣ್ಣು ಯಾಕೇ ಹೀಗಿದೆ?" ಎಂದೆ.

"ಪರದೆ ಬಣ್ಣ ದೊಡ್ಡಮ್ಮಾ" ಎಂದು ನಕ್ಕಳು.

ನೀನೂ ಹಳದಿ ಸೀರೆ ಉಟ್ಟು, "ಸೀರೆ ಬಣ್ಣ ಕಣೇ ಅಕ್ಕಾ" ಎಂದು ಹೀಗೇ ನಕ್ಕಿದ್ದೆ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಎಷ್ಟು ಚೆಂದ ಕಾಣುತ್ತಿದ್ದೆ ಆ ಸೀರೆಯಲ್ಲಿ!

ಇವತ್ತು ಎದ್ದು ಪರದೆ ಸರಿಸಿ, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದೆ. ಕಣ್ಣು ಬೆಳ್ಳಗಿದ್ದವು.

ಆಮೇಲೆ ನಕ್ಕೆ.

ನಿನ್ನ ಅಕ್ಕ